ಗೀಸರ್ ಬಿಚ್ಚುವ ಮುನ್ನ ಓಮ್ಸ್ ನೋಡಿ

ಮಾನ್ಯ ಸಂಪಾದಕರೇ,

ಮೊಬೈಲ್‌ನಲ್ಲಿ ವಿಡಿಯೊ ನೋಡಿ ಗೀಸರ್ ರಿಪೇರಿಗೆ ಕೈಹಾಕುವವರು ಕೋಲಾರದ ಕಡೆಯೂ ಹೆಚ್ಚುತ್ತಿದ್ದಾರೆ. ಒಳ್ಳೆಯದೇ. ಆದರೆ ಎಷ್ಟೋ ವಿಡಿಯೊಗಳು ನೀರು ಕಾಯಿಸುವ ಹಳೆ ಎಲಿಮೆಂಟ್ ತೆಗೆದು ಹೊಸದು ಕೂರಿಸಿ ಮುಗಿದುಬಿಡುತ್ತವೆ. ನಮ್ಮ ಬೋರ್ ನೀರಿಗೆ ಅಷ್ಟು ಸಾಲದು. ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಎಲಿಮೆಂಟಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಶಾಖ ನೀರಿಗೆ ಇಳಿಯದೆ ಒಳಗಿನ ತಂತಿ ಸುಟ್ಟು ತುಂಡಾಗುತ್ತದೆ. ಇಲ್ಲವೇ ಹೊರಗಿನ ಕೊಳವೆ ಬಿರಿದು ನೀರಿಗೇ ಕರೆಂಟ್ ಹರಿಯುತ್ತದೆ.

ಮೊದಲು ಬೋರ್ಡಿನ ಸುರಕ್ಷತಾ ಸ್ವಿಚ್ಚಾದ ಎಂಸಿಬಿ ಇಳಿಸಿ, ಪ್ಲಗ್ಗನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕರೆಂಟ್ ಬರುವ ಫೇಸ್ ತಂತಿ ಬಿಟ್ಟು ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟ ವೈರಿಂಗ್ ಹಳೆ ಮನೆಗಳಲ್ಲಿ ಇರುತ್ತದೆ. ಎಲಿಮೆಂಟಿನ ವೈರು ಬಿಡಿಸಿ ಅದರ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದು ಓಮ್ಸ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆಯನ್ನು ಅಳೆಯಿರಿ. 2000 ವ್ಯಾಟಿನದು ಸುಮಾರು 26 ಓಮ್ಸ್, 3000 ವ್ಯಾಟಿನದು ಸುಮಾರು 17-18 ತೋರಿಸಬೇಕು. ಆಮೇಲೆ ಮೀಟರನ್ನು ಹತ್ತು ಲಕ್ಷ ಓಮ್ಸ್ ಲೆಕ್ಕದಲ್ಲಿ ಅಳೆಯುವ ಮೆಗಾಓಮ್‌ಗೆ ತಿರುಗಿಸಿ ಪಿನ್ನಿಗೂ ಲೋಹದ ಬುಡಕ್ಕೂ ತಾಗಿಸಿ. ಮುಳ್ಳು ಅಲುಗಾಡಿದರೆ, ಅಂಕಿ ಬಂದರೆ, ಕರೆಂಟ್ ಲೋಹಕ್ಕೆ ಸೋರುತ್ತಿದೆ ಎಂದರ್ಥ. ನೀರು ಕಾಯುತ್ತಿದ್ದರೂ ಆ ಎಲಿಮೆಂಟನ್ನು ಎಸೆಯಿರಿ.

ಓಮ್ಸ್ ಸರಿಯಿದ್ದೂ ನೀರು ಬಿಸಿಯಾಗದಿದ್ದರೆ ತಪ್ಪು ಹೆಚ್ಚಾಗಿ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟಿನದು, ಅಥವಾ ಅತಿ ಬಿಸಿಯಾದಾಗ ಕರೆಂಟ್ ಕಡಿಯುವ ಕಟೌಟಿನದು. ಕಟೌಟಿನ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಮತ್ತೆ ಹಾರಿದರೆ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು. ಅದಕ್ಕೂ ಎಲಿಮೆಂಟ್ ಕೊಳ್ಳುವವರಿದ್ದಾರೆ!

ಸುಣ್ಣ ಬಿಡಿಸಲು ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಹಾಕಿ, ಪಿನ್ನುಗಳು ನೆನೆಯದಂತೆ ಎಲಿಮೆಂಟನ್ನು ಒಂದು ಗಂಟೆ ಮುಳುಗಿಸಿಡಿ. ಕಕ್ಕಸು ತೊಳೆಯುವ ಆಸಿಡ್ ಲೋಹವನ್ನೇ ತಿನ್ನುತ್ತದೆ. ಪಕ್ಕದ ಮೆಗ್ನೀಷಿಯಂ ಕಡ್ಡಿಯನ್ನು ಕೊಳೆತದ್ದೆಂದು ಬಿಸಾಡಬೇಡಿ. ಟ್ಯಾಂಕಿನ ಬದಲು ತುಕ್ಕನ್ನು ತಾನು ಉಣ್ಣುವುದೇ ಅದರ ಕೆಲಸ. ಸವೆದು ನಡುವಿನ ತಂತಿ ಕಂಡಿದ್ದರೆ ಹೊಸದು ಹಾಕಿ. ನೀರು ಸೋರದಂತೆ ಸಂದಿಗೆ ಕೂರಿಸುವ ಗ್ಯಾಸ್ಕೆಟ್ ಮಾತ್ರ ಬಿಚ್ಚಿದಾಗಲೆಲ್ಲ ಹೊಸದೇ ಬೇಕು, ಹಳೆಯದು ಒಸರಿ ವೈರು ಸೇರುವ ಟರ್ಮಿನಲ್ ಮೇಲೆ ತೊಟ್ಟಿಕ್ಕುತ್ತದೆ.

ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬರುವವರೆಗೆ ಕರೆಂಟ್ ಕೊಡಬೇಡಿ, ಒಣ ಟ್ಯಾಂಕಿನಲ್ಲಿ ಹೊಸ ಎಲಿಮೆಂಟ್ ಕ್ಷಣದಲ್ಲಿ ಸುಡುತ್ತದೆ. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಅದರ ಬಾಯಿ ಮುಚ್ಚಲೇಬೇಡಿ, ಒತ್ತಡ ಹೆಚ್ಚಿದರೆ ಟ್ಯಾಂಕ್ ಸಿಡಿಯುತ್ತದೆ.

ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಜಾಲತಾಣವನ್ನು ಕೇಂದ್ರ ಸರ್ಕಾರ 2022ರಲ್ಲೇ ಆರಂಭಿಸಿದೆ. ಕಂಪನಿಗಳು ಎಲಿಮೆಂಟಿನ ಓಮ್ಸ್, ಕಡ್ಡಿಯ ಅಳತೆ, ಗ್ಯಾಸ್ಕೆಟ್ ಸೈಜನ್ನು ಗೀಸರ್ ಮೇಲೆಯೇ ಕನ್ನಡದಲ್ಲಿ ಮುದ್ರಿಸಲಿ.

— ಗೃಹೋಪಕರಣ ದುರಸ್ತಿಗಾರರು, ಬಂಗಾರಪೇಟೆ