ಮೆಚ್ಯೂರಿಟಿಗೆ ಕನ್ನಡದಲ್ಲಿ ಏನಂತಾರೆ, ಪುಟ್ಟಿ?

ಮಂಡ್ಯ
ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಆಫೀಸಿನಲ್ಲಿ ನಿನ್ನ ಮೇಲಿನವರು ‘ಕೆಲಸ ಚೆನ್ನಾಗಿದೆ, ಮೆಚ್ಯೂರಿಟಿ ಸಾಲದು’ ಅಂದರಂತೆ. ಮೂಗು ಒರೆಸಿಕೊಂಡು ‘ದೊಡ್ಡಮ್ಮಾ, ಮೆಚ್ಯೂರಿಟಿಗೆ ಕನ್ನಡದಲ್ಲಿ ಏನಂತಾರೆ?’ ಅಂತ ಕೇಳಿದೆ. 30 ವರ್ಷ ಕನ್ನಡ ಪಾಠ ಮಾಡಿದವಳಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಕಾಗದ. 23 ತುಂಬಿದವಳನ್ನು ಇನ್ನೂ ಪುಟ್ಟಿ ಅಂತಿದ್ದೇನೆ, ಅದು ಬೇರೆ ಮಾತು.

ಕಾನೂನಿಗಾದರೆ ಸುಲಭ. 18 ತುಂಬಿದರೆ ವಯಸ್ಕ. ಓಟು ಹಾಕೋಕೆ ಮಾತ್ರ ನಮ್ಮ ಕಾಲದಲ್ಲಿ 21 ಆಗಬೇಕಿತ್ತು, 1989ರಲ್ಲಿ 18ಕ್ಕೆ ಇಳಿಸಿದರು. ‘ಪ್ರೌಢ’ ಅನ್ನೋಣ ಅಂದರೆ ನಮ್ಮ ಶಾಲೆಯ ಬೋರ್ಡು ನೆನಪಾಗುತ್ತದೆ. ‘ಪ್ರೌಢಶಾಲೆ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಒಳಗೆ 8ನೇ ಕ್ಲಾಸಿನ ಹುಡುಗರು ಸೀಮೆಸುಣ್ಣ ಎಸೆದಾಡುತ್ತಿದ್ದರು. ‘ಪ್ರಬುದ್ಧ’ ಸನ್ಮಾನಪತ್ರದ ಪದ. ಮೂಲ ಅರ್ಥ ಚೆನ್ನಾಗಿ ಎಚ್ಚರಗೊಂಡವರು ಅಂತ. ಮೂರು ಅಲಾರಾಂ ಇಟ್ಟುಕೊಂಡು ಮಲಗುವ ನಿನಗೆ ಅದು ಸದ್ಯಕ್ಕೆ ಬೇಡ.

ನನಗೆ ಇಷ್ಟವಾದದ್ದು ‘ಪಕ್ವ’. ಪಕ್ವ, ಪಾಕ ಎರಡೂ ಬೇಯಿಸುವುದು ಅನ್ನುವ ಒಂದೇ ಧಾತುವಿನಿಂದ ಬಂದವು. ಇದನ್ನು ಓದಿದ್ದು ನಿಘಂಟಿನಲ್ಲಿ, ಕಂಡಿದ್ದು ನಿಮ್ಮ ತಾತನ ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿದ್ದರೆ ಮೊದಲು ಕೊಳೆ ಮೇಲೆ ಬರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಅದನ್ನು ತೆಗೆಯುತ್ತಿದ್ದರು. ಆಮೇಲೆ ಕೊತಕೊತ ಕುದಿತ, ನೊರೆ ಉಕ್ಕುವುದು, ಸದ್ದೋ ಸದ್ದು. ಕೊನೆಕೊನೆಗೆ ಸದ್ದು ಇಳಿಯುತ್ತದೆ, ಗುಳ್ಳೆ ಭಾರವಾಗುತ್ತದೆ. ಆಗ ತಾತ ತಣ್ಣೀರಿನ ಚೆಂಬಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಚೆಂಬಿಗೇ ಹೊಡೆಯೋರು. ಠಣ್ ಅಂದರೆ ಹದ ಬಂತು. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಲ್ಲಿ ನಿಲ್ಲುವುದಿಲ್ಲ, ಒಂದು ಗಳಿಗೆ ತಡವಾದರೆ ಸೀದು ಕಹಿ. ಉರಿ ಜಾಸ್ತಿ ಮಾಡಿ ಬೇಗ ಮುಗಿಸೋಣ ಅಂತ ನಾನು ಸೋಗೆ ತುರುಕಲು ಹೋಗಿ ಬೈಸಿಕೊಂಡಿದ್ದೂ ಇದೆ.

ಇನ್ನೊಂದು ಪದ ‘ಬಲಿತ’. ಬಲಿತ ಮಾವಿನಕಾಯಿ ಕಿತ್ತು ಹುಲ್ಲಿಗೆ ಹಾಕಿದರೆ ತಾನಾಗಿ ಹಣ್ಣಾಗುತ್ತದೆ. ಎಳಸು ಕಾಯಿ ಹಾಕಿದರೆ ಸುಕ್ಕಾಗುತ್ತದೆ, ಹಣ್ಣಾಗುವುದಿಲ್ಲ. ನೋಡೋಕೆ ಎರಡೂ ಹಸಿರೇ. ನಿನ್ನನ್ನು ಯಾರಾದರೂ ಹಸಿರು ಅಂದರೆ ಬೇಜಾರು ಬೇಡ, ಎಳಸು ಅಂದರೆ ಮಾತ್ರ ಸ್ವಲ್ಪ ಯೋಚನೆ ಮಾಡು.

ಹೆಣ್ಣುಮಕ್ಕಳ ಲೆಕ್ಕ ಬೇರೆ, ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹುಡುಗಿ ಹನ್ನೆರಡಕ್ಕೋ ಹದಿಮೂರಕ್ಕೋ ಒಂದೇ ದಿನದಲ್ಲಿ ‘ದೊಡ್ಡವಳಾದಳು’. ಆರತಿ ಎತ್ತಿ, ಚಿಗಳಿ ಉಂಡೆ ತಿನ್ನಿಸಿದರು, ಮುಗಿಯಿತು. ಬುದ್ಧಿಯ ಸುದ್ದಿಯೇ ಇಲ್ಲ. ಹುಡುಗನಿಗಾದರೆ ಮೂವತ್ತಾದರೂ ‘ಹುಡುಗುಬುದ್ಧಿ, ಮದುವೆಯಾದರೆ ಸರಿಹೋಗ್ತಾನೆ’. ಸರಿಮಾಡುವ ಕೆಲಸ ಬರುವವಳದ್ದು! ನಿಮ್ಮ ಅಜ್ಜಿ ತಾನೇ ಗಾಡಿಯಲ್ಲಿ ಕೂತು ಪೇಟೆಗೆ ಬೆಲ್ಲ ಮಾರೋಕೆ ಹೋಗೋರು. ತೂಕದಲ್ಲಿ ಹೆಚ್ಚುಕಡಿಮೆ ಆದರೆ ಅಲ್ಲೇ ಬಾಯಿಬಿಟ್ಟು ಕೇಳೋರು. ಊರವರು ‘ಬಜಾರಿ’ ಅಂದರು. ಅದೇ ಕೆಲಸ ತಾತ ಮಾಡಿದ್ದಕ್ಕೆ ‘ವ್ಯವಹಾರಸ್ಥ’. ಬಜಾರು ಕಂಡ ಗಂಡಸಿಗೆ ಲೋಕಜ್ಞಾನ, ಹೆಂಗಸಿಗೆ ಬೈಗುಳ. ಅಜ್ಜಿ ಮಾತ್ರ ‘ಅನ್ನಲಿ ಬಿಡು, ದುಡ್ಡು ಸರಿ ಬಂತಲ್ಲ’ ಅಂತ ಸೆರಗಿನ ಗಂಟು ಬಿಗಿದುಕೊಳ್ಳೋರು.

ಲೋಕಜ್ಞಾನ ನನಗೆ ಬಂದದ್ದು ಓದಿನಿಂದ ಅಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಜೊತೆಯಲ್ಲಿದ್ದವರೊಬ್ಬರು ಸಾಲಕ್ಕೆ ಜಾಮೀನು ಹಾಕಿ ಅಂದರು. ‘ಸುಮ್ನೆ ಒಂದು ಸೈನ್, ಅಷ್ಟೇ’ ಅಂದರು. ಹಾಕಿದೆ. ಒಂದು ವರ್ಷಕ್ಕೆ ಅವರು ಕಂತು ನಿಲ್ಲಿಸಿದರು, ನೋಟೀಸು ನನ್ನ ಹೆಸರಿಗೆ ಬಂತು. ಸಾಲ ತೆಗೆದವರು ಕಟ್ಟದಿದ್ದರೆ ಬಡ್ಡಿ ಸಮೇತ ಪೂರ್ತಿ ಬಾಕಿ ಜಾಮೀನುದಾರರ ತಲೆಗೆ ಬರುತ್ತದೆ ಅಂತ ಆಗ ತಿಳಿಯಿತು. ಮೂರು ವರ್ಷ ಸಂಬಳದಲ್ಲಿ ಮುರಿಸಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾನೂನಿನ ಪ್ರಕಾರ ನಾನು ವಯಸ್ಕಳೇ, ಸೈನೂ ನನ್ನದೇ. ನೀನು ಯಾರಿಗೂ ಹಾಗೆ ಸೈನ್ ಹಾಕಬೇಡ, ಮುಲಾಜಿಲ್ಲದೆ ಹೇಳುತ್ತಿದ್ದೇನೆ. ನಾಲ್ಕು ದಿನ ಮುಖ ಊದಿಸಿಕೊಳ್ಳುತ್ತಾರೆ, ಅಷ್ಟೇ ಅಲ್ವಾ?

ಆದರೆ ಒಂದು ಮಾತು. ಆಮೇಲೆ ಸ್ವಲ್ಪ ಕಾಲ ನಾನು ಯಾರನ್ನೂ ನಂಬುತ್ತಿರಲಿಲ್ಲ. ಚೀಟಿ ದುಡ್ಡು ಕೊಡೋಕೆ ಬಂದ ಪಕ್ಕದ ಮನೆಯವರ ಎದುರಿಗೇ ನೋಟು ಎರಡೆರಡು ಸಲ ಎಣಿಸುತ್ತಿದ್ದೆ. ಅದನ್ನೇ ಜಾಣತನ ಅಂದುಕೊಂಡಿದ್ದೆ. ನಿಮ್ಮ ಅಜ್ಜಿ ನೋಡಿ ‘ಪಾಕ ಸೀದೋಯ್ತು ಕಣವ್ವ’ ಅಂದರು.

ಈಗ ನಿನ್ನ ವಿಷಯ. ನಿನ್ನ ಮೇಲಿನವರು ಯಾವುದು ಸಾಲದು ಅಂದರು? ಮೀಟಿಂಗಿನಲ್ಲಿ ಮಾತು ಮುಗಿಯುವ ಮುಂಚೆ ಬಾಯಿ ಹಾಕುತ್ತೀಯಾ? ಅದು ತಾಳ್ಮೆ, ನಿನಗೆ ಕಮ್ಮಿ ಇದೆ, ನಿಮ್ಮಮ್ಮನಿಗೂ ಕಮ್ಮಿ. ಗಿರಾಕಿ ಹೇಳಿದ್ದನ್ನೆಲ್ಲ ನಂಬಿ ಒಪ್ಪಿಕೊಂಡು ಬರುತ್ತೀಯಾ? ಅದು ವ್ಯವಹಾರ, ಒಂದೆರಡು ಪೆಟ್ಟು ಬಿದ್ದರೆ ಬರುತ್ತದೆ. ಅಥವಾ ಅವರ ತಪ್ಪನ್ನು ಎಲ್ಲರ ಮುಂದೆ ಎತ್ತಿ ತೋರಿಸಿದೆಯಾ? ಹಾಗಾದರೆ ಅವರು ಮೆಚ್ಯೂರಿಟಿ ಅಂದದ್ದು ಸುಮ್ಮನಿರು ಅನ್ನುವುದಕ್ಕೆ. ಅದಕ್ಕೆ ಅಳಬೇಡ. ನಾಳೆ ಅವರು ಕಾಫಿ ಕುಡಿಯುವ ಹೊತ್ತು ನೋಡಿ, ‘ಯಾವ ಸಂದರ್ಭದಲ್ಲಿ ಹಾಗನ್ನಿಸಿತು, ಒಂದು ಉದಾಹರಣೆ ಹೇಳಿ’ ಅಂತ ಮೆತ್ತಗೆ ಕೇಳು. ಕೇಳಿದ್ದನ್ನು ಬರೆದುಕೋ, ಅಲ್ಲೇ ವಾದಕ್ಕೆ ನಿಲ್ಲಬೇಡ.

ಶನಿವಾರ ಸಂಜೆಯ ಗಾಡಿಗೆ ಬಾ. ಹಿತ್ತಲಿನ ಮಾವಿನಕಾಯಿ ಇವತ್ತು ತಾನೇ ಹುಲ್ಲಿಗೆ ಹಾಕಿದ್ದೇನೆ, ಅಷ್ಟೊತ್ತಿಗೆ ನಾಲ್ಕಾದರೂ ಹಣ್ಣಾಗಿರುತ್ತವೆ. ಬರುವಾಗ ನನ್ನ ಕನ್ನಡಕದ ಪೆಟ್ಟಿಗೆ ತಗೊಂಡು ಬಾ, ಹೋದ ಸಲ ನಿನ್ನ ಬ್ಯಾಗಿಗೇ ಸೇರಿಕೊಂಡಿದೆ.

ನಿನ್ನ
ದೊಡ್ಡಮ್ಮ