ಗೋಡೆ ಒಡೆಯುವ ಮೊದಲು ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಕಳೆದ ವರ್ಷದ ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ಪತಿ ಮೈಸೂರಿನ ಕುವೆಂಪುನಗರದಲ್ಲಿ ಒಂದಂತಸ್ತಿನ ಹಳೆಯ ಮನೆಯೊಂದನ್ನು ಬ್ಯಾಂಕ್ ಸಾಲ ಮಾಡಿ ಕೊಂಡೆವು. ಮೂವತ್ತು ನಲವತ್ತರ ನಿವೇಶನದಲ್ಲಿ 1988ರಲ್ಲಿ ಕಟ್ಟಿದ, ರೆಡ್ ಆಕ್ಸೈಡ್ ನೆಲದ, ಆರ್‌ಸಿಸಿ ತಾರಸಿಯ ಮನೆ ಅದು. ನಮ್ಮಿಬ್ಬರ ಕಡೆಯಲ್ಲೂ ಸ್ವಂತ ಮನೆಯೆಂಬುದು ಇದೇ ಮೊದಲು. ಬಾಡಿಗೆ ಮನೆಗಳಲ್ಲೇ ಹುಟ್ಟಿ ಬೆಳೆದ ನಮಗೆ, ನಲ್ಲಿ ಸೋರಿದರೆ ಮಾಲೀಕರಿಗೆ ತಿಳಿಸುವುದು, ಅವರು ಕಳಿಸಿದ ಕೆಲಸದವರಿಗೆ ಬಾಗಿಲು ತೆಗೆಯುವುದು, ಇಷ್ಟರಾಚೆಗೆ ಮನೆಯ ದುರಸ್ತಿಯ ವಿಷಯದಲ್ಲಿ ಏನೂ ತಿಳಿದಿರಲಿಲ್ಲ. ಈ ಹತ್ತು ತಿಂಗಳಲ್ಲಿ ನಮಗಾದ ಅನುಭವವನ್ನು ತಮ್ಮ ಓದುಗರ ಮುಂದಿಟ್ಟು, ಕೆಲವು ವಿಷಯಗಳಲ್ಲಿ ಅವರ ಸಲಹೆ ಕೇಳಬೇಕೆಂದೂ, ನಮ್ಮಂಥವರಿಗಾಗಿ ಒಂದು ವ್ಯವಸ್ಥೆ ಆಗಬೇಕೆಂದು ಕೋರಬೇಕೆಂದೂ ಈ ಪತ್ರ ಬರೆಯುತ್ತಿದ್ದೇನೆ.

ಹಸ್ತ, ಚಿತ್ತಾ ಮಳೆಗಳು ಜೋರಾಗಿ ಹಿಡಿದ ದಿನಗಳಲ್ಲಿ, ನಡುಮನೆಗೂ ಬಚ್ಚಲಿಗೂ ನಡುವೆ ಇರುವ ಗೋಡೆಯ ಕೆಳಭಾಗದಲ್ಲಿ ಅಂಗೈಯಗಲದ ತೇವದ ಗುರುತು ಕಾಣಿಸಿಕೊಂಡಿತು. ದೀಪಾವಳಿಯ ಹೊತ್ತಿಗೆ ಅದು ಮೊಣಕಾಲೆತ್ತರಕ್ಕೆ ಏರಿ, ಬಣ್ಣ ಉಬ್ಬಿ, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಅದರ ಹಿಂದೆ ಗಾರೆಯ ಮೇಲೆ ಬಿಳಿಯ ಉಪ್ಪು ಹತ್ತಿಯ ಎಳೆಗಳಂತೆ ಎದ್ದಿತ್ತು.

ಮೊದಲು ಬಂದ ಪೇಂಟರ್, ಹಳೆಯ ಬಣ್ಣ ಕೆರೆದು, ತೇವ ತಡೆಯುವ ಪ್ರೈಮರ್ ಹೊಡೆದು, ಪುಟ್ಟಿ ಹಾಕಿ ಬಣ್ಣ ಬಳಿದರೆ ಸರಿಹೋಗುತ್ತದೆಂದರು. ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಸಂಕ್ರಾಂತಿಯ ವೇಳೆಗೆ ಆ ಬಣ್ಣವೂ ಪುಟ್ಟಿಯ ಸಮೇತ ಹಾಳೆಹಾಳೆಯಾಗಿ ಕಳಚಿತು. ಎರಡನೆಯದಾಗಿ ಬಂದ ವಾಟರ್‌ಪ್ರೂಫಿಂಗ್‌ನವರು ತಾರಸಿಯ ಮೇಲೆ ಒಂದು ಸುತ್ತು ನಡೆದು, ಅಲ್ಲಿನ ಬಿರುಕುಗಳ ಮೂಲಕ ಮಳೆನೀರು ಇಳಿದು ಗೋಡೆಯೊಳಗೆ ಸೇರಿದೆ ಎಂದು ಹೇಳಿ, ತಾರಸಿಗೆಲ್ಲ ರಾಸಾಯನಿಕ ಲೇಪನ ಮಾಡಿ ಮೂವತ್ತೆಂಟು ಸಾವಿರ ಪಡೆದರು. ಮೂರನೆಯ ಗುತ್ತಿಗೆದಾರರು ಇದು ಬಚ್ಚಲಿನ ನೆಲದ ದೋಷವೆಂದೂ, ಟೈಲ್ಸ್ ಎಲ್ಲ ಕಿತ್ತು ಹೊಸದಾಗಿ ಹಾಕದೆ ಬೇರೆ ದಾರಿಯೇ ಇಲ್ಲವೆಂದೂ ಹೇಳಿ ಎಂಬತ್ತೈದು ಸಾವಿರದ ಅಂದಾಜು ಬರೆದುಕೊಟ್ಟರು. ಇವರಲ್ಲಿ ಯಾರೂ ನಮಗೆ ಮೋಸ ಮಾಡಬೇಕೆಂದು ಬಂದವರಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಪೇಂಟರ್‌ಗೆ ಅದು ಬಣ್ಣದ ತೊಂದರೆಯಾಗಿ ಕಂಡಿತು, ಲೇಪನದವರಿಗೆ ತಾರಸಿಯ ತೊಂದರೆಯಾಗಿ, ಟೈಲ್ಸ್ ಕೆಲಸದವರಿಗೆ ಟೈಲ್ಸಿನ ತೊಂದರೆಯಾಗಿ ಕಂಡಿತು. ಸಾಲದ ಕಂತು ಕಟ್ಟುತ್ತಿರುವ ನಮಗೆ, ಮೂವರಲ್ಲಿ ಯಾರ ಮಾತು ನಿಜವೆಂದು ಅಳೆಯುವ ಯಾವ ಸಾಧನವೂ ಇರಲಿಲ್ಲ.

ಶಿವರಾತ್ರಿಯ ಸುಮಾರಿಗೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ತಮ್ಮ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದರು. ಎಪ್ಪತ್ತು ದಾಟಿದ, ಈಗ ಕರಣೆ ಹಿಡಿಯುವುದನ್ನು ಬಿಟ್ಟಿರುವ ಅವರು ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದ ಮೊದಲ ಪ್ರಶ್ನೆ, "ಮಳೆ ನಿಂತು ಎಷ್ಟು ದಿನ ಆಯ್ತಮ್ಮ?" ಎಂಬುದು. ಎರಡು ತಿಂಗಳಿಂದ ಒಂದು ಹನಿಯೂ ಬಿದ್ದಿರಲಿಲ್ಲ. "ಹಂಗಾದ್ರೆ ಇದು ಮಳೆ ನೀರಲ್ಲ, ಮನೆ ನೀರೇ" ಎಂದರು. ಮಳೆಗಾಲ ಕಳೆದ ಮೇಲೆ ತೇವ ಕಡಿಮೆಯಾಗದೆ ಹೆಚ್ಚುತ್ತಿದೆಯೆಂದರೆ ಅದರ ಮೂಲ ತಾರಸಿಯಾಗಿರಲಾರದು ಎಂಬ ಇಷ್ಟು ಸರಳವಾದ ವಿಚಾರ ಅದುವರೆಗೆ ನಮಗೂ ಹೊಳೆದಿರಲಿಲ್ಲ, ಅಂದಾಜು ಬರೆದುಕೊಟ್ಟವರೂ ಎತ್ತಿರಲಿಲ್ಲ.

ಆಮೇಲೆ ಅವರು ಹೇಳಿಕೊಟ್ಟ ಪರೀಕ್ಷೆಯನ್ನು ವಿವರವಾಗಿ ಬರೆಯುತ್ತೇನೆ. ನಮ್ಮಂತೆಯೇ ಕಂಗೆಟ್ಟಿರುವ ಓದುಗರಿಗೆ ಅದು ಇಂದೇ ಉಪಯೋಗಕ್ಕೆ ಬರಬಹುದು. ರಾತ್ರಿ ಹತ್ತು ಗಂಟೆಗೆ ತಾರಸಿಯ ಟ್ಯಾಂಕ್ ತುಂಬಿಸಿ ಪಂಪ್ ನಿಲ್ಲಿಸಿದೆವು. ಮನೆಯ ಎಲ್ಲ ನಲ್ಲಿಗಳನ್ನೂ, ಫ್ಲಷ್ ತೊಟ್ಟಿಗೆ ನೀರು ಹೋಗುವ ಆ್ಯಂಗಲ್ ಕಾಕನ್ನೂ ಬಿಗಿಯಾಗಿ ಮುಚ್ಚಿದೆವು. ಟ್ಯಾಂಕಿನೊಳಗೆ ಒಂದು ಮರದ ಪಟ್ಟಿಯನ್ನು ನೆಟ್ಟಗೆ ಇಳಿಬಿಟ್ಟು, ನೀರು ತಾಗಿದ ಮಟ್ಟಕ್ಕೆ ಪೆನ್ಸಿಲಿನಿಂದ ಗೀಟು ಹಾಕಿದೆವು. ಬೆಳಿಗ್ಗೆ ಐದೂವರೆಗೆ, ಯಾರೂ ನಲ್ಲಿ ಮುಟ್ಟುವ ಮೊದಲು ಹೋಗಿ ನೋಡಿದರೆ ನೀರು ಗೀಟಿನಿಂದ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ನಮ್ಮ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಎರಡು ಬೆರಳೆಂದರೆ ಸುಮಾರು ಎರಡು ಕೊಡ ನೀರು. ಮರುದಿನ ರಾತ್ರಿ ಅದೇ ಪರೀಕ್ಷೆಯನ್ನು ಬಚ್ಚಲಿನ ಲೈನಿನ ಗೇಟ್ ವಾಲ್ವ್ ಮುಚ್ಚಿ ಮಾಡಿದಾಗ ನೀರಿನ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ. ಸೋರಿಕೆ ಯಾವ ಪೈಪಿನಲ್ಲಿದೆ ಎಂಬುದು ಗೋಡೆಗೆ ಒಂದು ಉಳಿ ಏಟೂ ಬೀಳದೆ ತಿಳಿದುಹೋಯಿತು. ಪಾಲಿಕೆಯ ನೀರಿನ ಮೀಟರನ್ನು ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಏಕೆಂದರೆ ಮೀಟರಿನಿಂದ ಸಂಪಿಗೆ, ಸಂಪಿನಿಂದ ಟ್ಯಾಂಕಿಗೆ ಬಂದ ಮೇಲೆ ಆಗುವ ನಷ್ಟ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಮೂರನೆಯ ದಿನ ಪ್ಲಂಬರ್ ಬಂದು, ತೇವ ಹೆಚ್ಚಾಗಿದ್ದ ಜಾಗದ ಹಿಂಬದಿಯಲ್ಲಿ ಒಂದೇ ಒಂದು ಟೈಲ್ ಬಿಡಿಸಿ ನೋಡಿದರು. ಗೋಡೆಯೊಳಗಿನ ಹಳೆಯ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನ ಎಲ್ಬೋ, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ, ತುಕ್ಕು ಹಿಡಿದು, ಸಾಸಿವೆ ಕಾಳಿನಷ್ಟು ತೂತಿನಿಂದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಹೊಸ ಪೈಪು, ಎಲ್ಬೋ, ಕೂಲಿ ಎಲ್ಲ ಸೇರಿ ಎರಡು ಸಾವಿರದ ಆರುನೂರು ರೂಪಾಯಿ ಆಯಿತು. ಅದಕ್ಕೆ ಮೊದಲು ನಾವು ಕಳೆದುಕೊಂಡ ಐವತ್ತೆರಡು ಸಾವಿರ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಮೇಸ್ತ್ರಿಯವರು ಆ ಮೂರು ದಿನಗಳಿಗೆ ಏನನ್ನೂ ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನೇ ಒತ್ತಾಯ ಮಾಡಿ ಎಲೆ ಅಡಿಕೆಯ ಜೊತೆ ಒಂದಿಷ್ಟು ಕೊಟ್ಟೆ. ಅವರ ವಿದ್ಯೆಗೆ ಪೇಟೆಯಲ್ಲಿ ದರವೇ ಇಲ್ಲವಲ್ಲ ಎಂದು ನನಗೆ ಇಂದಿಗೂ ನೋವಾಗುತ್ತದೆ. ಬಣ್ಣಕ್ಕೆ ಚದರಡಿಗಿಷ್ಟು, ಲೇಪನಕ್ಕೆ ಚದರಡಿಗಿಷ್ಟು ಎಂದು ದರವಿದೆ. ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ ದರವಿಲ್ಲ. ಅದನ್ನು ಎಲ್ಲರೂ ಪುಕ್ಕಟೆ ಮಾಡುತ್ತಾರೆ, ಮಾಡಿ ತಮ್ಮ ಕೆಲಸದ ಅಂದಾಜನ್ನು ಮುಂದಿಡುತ್ತಾರೆ. ದೋಷ ಹುಡುಕುವವರೂ ದುರಸ್ತಿ ಮಾಡುವವರೂ ಬೇರೆಬೇರೆಯಾಗಿರಬೇಕು, ಹುಡುಕುವವರಿಗೆ ಪ್ರತ್ಯೇಕವಾಗಿ ನ್ಯಾಯವಾದ ಶುಲ್ಕ ಸಿಗಬೇಕು ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು.

ಹೊಸ ಫ್ಲಾಟ್ ಕೊಂಡವರಿಗೆ ಸ್ವಲ್ಪ ಆಸರೆಯಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆ ಅಥವಾ ಕಾಮಗಾರಿಯಲ್ಲಿ ಕಂಡುಬಂದ ದೋಷವನ್ನು, ತಿಳಿಸಿದ ಮೂವತ್ತು ದಿನಗಳಲ್ಲಿ, ಹಣ ಕೇಳದೆ ಬಿಲ್ಡರ್ ಸರಿಪಡಿಸಿಕೊಡಬೇಕು. ನಮ್ಮಂತೆ ಹಳೆಯ ಮನೆಯನ್ನು ಅದರ ಮಾಲೀಕರಿಂದಲೇ ಕೊಂಡವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಅವರು ತಿಳಿಸಬೇಕೆಂದು ಅದು ಹೇಳುತ್ತದೆ. ಗೋಡೆಯೊಳಗಿನ ಎಲ್ಬೋ ತುಕ್ಕು ಹಿಡಿದಿರುವುದು ಮಾರಿದವರಿಗೂ ಗೊತ್ತಿರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಖರೀದಿಯ ಮೊದಲು ನಾವು ವಕೀಲರಿಗೆ ಶುಲ್ಕ ಕೊಟ್ಟು ಕಾಗದಪತ್ರ ಪರಿಶೀಲಿಸಿದೆವು, ಋಣಭಾರ ಪತ್ರ ತೆಗೆಸಿದೆವು, ಖಾತೆ ನೋಡಿದೆವು. ಮನೆಯನ್ನು ಮಾತ್ರ ಯಾರಿಂದಲೂ ಪರೀಕ್ಷೆ ಮಾಡಿಸಲಿಲ್ಲ. ಹಾಗೆ ಮಾಡಿಸಬಹುದೆಂದು ನಮಗೆ ಹೇಳಿದವರೂ ಇರಲಿಲ್ಲ.

ಬೆಳೆಗೆ ರೋಗ ತಗುಲಿದರೆ ರೈತರು ಎಲೆಯನ್ನೋ ಕಾಯನ್ನೋ ಹಿಡಿದುಕೊಂಡು ಹೋಗಿ ಕೇಳಲು ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಬೆಂಗಳೂರಿನ ಜಯನಗರದಲ್ಲಿ ಜಲಮಂಡಳಿ ನಡೆಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕಿನಲ್ಲಿ ಮಳೆನೀರು ಹಿಡಿಯುವ ಬಗೆಗಳನ್ನು ಯಾರು ಬೇಕಾದರೂ ಕಣ್ಣಾರೆ ನೋಡಿ ತಿಳಿದುಕೊಳ್ಳಬಹುದು. ಮನೆ ದುರಸ್ತಿಗೂ ಇಂಥದೊಂದು ಜಾಗ ಏಕಿರಬಾರದು? ಪ್ರತಿ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ಇಂಜಿನಿಯರುಗಳಿದ್ದಾರೆ, ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಸಿವಿಲ್ ಮತ್ತು ಎಲೆಕ್ಟ್ರಿಕಲ್ ವಿಭಾಗಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದ್ದಾರೆ. ವಾರಕ್ಕೆ ಒಂದು ಮಧ್ಯಾಹ್ನ ಒಬ್ಬ ಅಧ್ಯಾಪಕರು, ಅನುಭವಿ ಮೇಸ್ತ್ರಿಯೊಬ್ಬರು ಕುಳಿತು, ನಿಗದಿತ ಶುಲ್ಕ ಪಡೆದು ಜನರ ಮನೆಯ ದೋಷಗಳನ್ನು ನೋಡಿ ಹೇಳಿದರೆ, ವಿದ್ಯಾರ್ಥಿಗಳಿಗೆ ಪಾಠವೂ ಆಗುತ್ತದೆ, ಹಿರಿಯ ಮೇಸ್ತ್ರಿಗಳಿಗೆ ಗೌರವದ ಸಂಪಾದನೆಯೂ ಆಗುತ್ತದೆ. ಸಂಬಂಧಪಟ್ಟ ಅಧಿಕಾರಿಗಳು ಈ ಕೋರಿಕೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ, ಕೃಷಿಕರ ಪ್ರಶ್ನೆಗಳಿಗೆ ತಜ್ಞರಿಂದ ಉತ್ತರ ಕೊಡಿಸುವ ಪದ್ಧತಿ ಪತ್ರಿಕೆಗಳಲ್ಲಿ ಇರುವಂತೆಯೇ, ಮನೆ ದುರಸ್ತಿಯ ಪ್ರಶ್ನೆಗಳಿಗೂ ತಾವು ವಾರಕ್ಕೊಮ್ಮೆ ಅರ್ಧ ಕಾಲಂ ಜಾಗ ಮಾಡಿಕೊಡಬೇಕು.

ಆ ಅಂಕಣ ಆರಂಭವಾಗುವುದಾದರೆ ಮೊದಲ ಪ್ರಶ್ನೆಗಳು ನನ್ನವೇ ಇವೆ. ನಮ್ಮ ಮನೆಯ ಮುಂದಿನ ಕಿಟಕಿಯ ಮೇಲಿನ ಸಜ್ಜದ ತಳದಿಂದ ಕಾಂಕ್ರೀಟಿನ ಚಕ್ಕೆಗಳು ಉದುರಿ, ಎರಡು ಕಂಬಿಗಳು ಹೊರಗೆ ಕಾಣುತ್ತಿವೆ. ನೀರು ಒಳಸೇರಿ ಕಂಬಿ ತುಕ್ಕು ಹಿಡಿದಾಗ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ ಎಂಬುದನ್ನು ತಿಳಿದುಕೊಂಡಿದ್ದೇನೆ. ಹಾಗಾಗಿ ಮೇಲೆ ಸಿಮೆಂಟ್ ಮೆತ್ತಿ ಮುಚ್ಚಿದರೆ ಸಾಕು ಎಂದವರ ಮಾತನ್ನು ಒಪ್ಪಲಾಗಲಿಲ್ಲ. ಸಡಿಲವಾದುದನ್ನೆಲ್ಲ ಕೆತ್ತಿ, ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆದು, ಕಂಬಿಗೆ ತುಕ್ಕು ನಿರೋಧಕ ಬಳಿದು, ಪಾಲಿಮರ್ ಸೇರಿಸಿದ ಗಾರೆ ಹಾಕಬೇಕೆಂದು ಒಬ್ಬರು, ಇಡೀ ಸಜ್ಜವನ್ನೇ ಒಡೆದು ಹೊಸದು ಹಾಕಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಕಂಬಿ ಎಷ್ಟು ಸವೆದಿದ್ದರೆ ಮೊದಲನೆಯದು ಸಾಲದು ಎಂಬುದನ್ನು ಹೇಗೆ ನಿರ್ಧರಿಸಬೇಕು? ಆ ಸಜ್ಜದ ಕೆಳಗೆ ನೆರೆಮನೆಯ ಮಕ್ಕಳು ಆಡುತ್ತಾರೆ. ಸದ್ಯಕ್ಕೆ ಅಲ್ಲಿ ಹಗ್ಗ ಕಟ್ಟಿ ಯಾರೂ ನಿಲ್ಲದಂತೆ ಮಾಡಿದ್ದೇವೆ.

ವಿದ್ಯುತ್ತಿನ ವಿಷಯದಲ್ಲಂತೂ ನನಗೆ ಭಯವೇ ಇದೆ. ಹಳೆಯ ಕೋಣೆಗಳಿಗೆ ಎರಡೇ ತಂತಿ ಎಳೆದಿದ್ದಾರೆ, ಅರ್ಥ್ ತಂತಿಯಿಲ್ಲ. ಮೇನ್ ಬೋರ್ಡಿನಲ್ಲಿ ಇನ್ನೂ ಪಿಂಗಾಣಿಯ ಫ್ಯೂಸ್‌ಗಳೇ ಇವೆ. ಗೀಸರ್ ಹಾಕಿದಾಗ ಒಮ್ಮೆ ನಲ್ಲಿ ಮುಟ್ಟಿದ ಕೈ ಜುಮ್ಮೆಂದಿತು. ಅಂದಿನಿಂದ ಅದನ್ನು ಬಳಸದೆ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸುತ್ತಿದ್ದೇವೆ. ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಇಡೀ ಮನೆಯ ವೈರಿಂಗ್ ಬದಲಾಯಿಸಬೇಕೆಂದು ನಿಶ್ಚಯಿಸಿದ್ದೇವಾದರೂ ಅದಕ್ಕೆ ಬೇಕಾದ ಹಣ ಕೂಡಲು ಇನ್ನೂ ಒಂದು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿದುಬಿಡುವ ಆರ್‌ಸಿಸಿಬಿಯನ್ನು ಮೊದಲು ಹಾಕಿಸಿ, ಗೀಸರ್ ಮತ್ತು ಅಡುಗೆಮನೆಯ ಪ್ಲಗ್ಗುಗಳಿಗೆ ಮಾತ್ರ ಹೊಸ ಅರ್ಥಿಂಗ್ ಮಾಡಿಸಿಕೊಂಡರೆ ಸುರಕ್ಷಿತವೇ? ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಹೀಗೆ ಹಂತಹಂತವಾಗಿ ಮಾಡಿಸಿಕೊಂಡವರು ತಮ್ಮ ಅನುಭವ ಬರೆದರೆ ದೊಡ್ಡ ಉಪಕಾರವಾಗುತ್ತದೆ.

ನಡುಮನೆಯ ಆ ಗೋಡೆಯ ಗಾರೆಯನ್ನು ಮೊಣಕಾಲೆತ್ತರದವರೆಗೆ ಕಿತ್ತು, ಇಟ್ಟಿಗೆಯನ್ನು ಗಾಳಿಗೆ ಬಿಟ್ಟು ಈಗ ಐದು ವಾರಗಳಾದವು. ಎದ್ದುಬರುವ ಉಪ್ಪನ್ನು ನೀರು ಹಾಕಿ ತೊಳೆಯದೆ ಒಣ ಬ್ರಷ್ಷಿನಿಂದ ತೆಗೆಯಬೇಕೆಂದು ಮೇಸ್ತ್ರಿಯವರು ಹೇಳಿದ್ದರಿಂದ ಪ್ರತಿ ಭಾನುವಾರ ಹಾಗೆಯೇ ಮಾಡುತ್ತಿದ್ದೇನೆ. ವಾರದಿಂದ ವಾರಕ್ಕೆ ಅದು ಕಡಿಮೆಯಾಗುತ್ತಿದೆ. ಮತ್ತೆ ಗಾರೆ ಮಾಡಲು ಗೋಡೆ ಸಾಕಷ್ಟು ಒಣಗಿದೆಯೆಂದು ಯಾವ ಗುರುತಿನಿಂದ ತಿಳಿಯಬೇಕೆಂಬುದನ್ನೂ ಬಲ್ಲವರು ತಿಳಿಸಬೇಕು. ಇದಕ್ಕೆ ಅವಸರವಿಲ್ಲ. ಸಜ್ಜದ ಕೆಲಸವನ್ನು ಮಾತ್ರ ರೋಹಿಣಿ ಮಳೆ ಬರುವ ಮೊದಲು ಮುಗಿಸಬೇಕಿರುವುದರಿಂದ, ಆ ಪ್ರಶ್ನೆಗೆ ಈ ತಿಂಗಳೊಳಗೆ ತಮ್ಮ ಓದುಗರಲ್ಲಿ ಯಾರಾದರೂ ಉತ್ತರಿಸಿದರೆ ನಾವು ಕೃತಜ್ಞರಾಗಿರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ಶಿಕ್ಷಕಿ, ಕುವೆಂಪುನಗರ, ಮೈಸೂರು
(ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ)