ಇಲ್ಲವೆಂದು ಬಂದರೆ ನಂಬಬೇಡ

ಪ್ರೀತಿಯ ತಂಗಿ,

ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ಬಂದ ಧಾತು-ಈಶ್ವರ ಬರದ ಮೇಲೆ ಕಾದಂಬರಿ ಬರೆಯಲು ಹೊರಟಿದ್ದೀಯೆ ಎಂದು ತಿಳಿದು ಬಹಳ ಸಂತೋಷವಾಯಿತು. ‘ಎಲ್ಲ ಕಡೆ ಹುಡುಕಿದೆ, ಚಿತ್ರದುರ್ಗದ ಬಗ್ಗೆ ಏನೂ ಇಲ್ಲ’ ಎಂದಿದ್ದೀಯಲ್ಲ, ಆ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಡತಗಳಿಗೆ ಹೆಸರಿಟ್ಟವರು ನಾವಲ್ಲ, ಅಷ್ಟೆ.

1876-78ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಒಡೆಯರಿಗೆ ರಾಜ್ಯ ಮರಳಿದ್ದು 1881ರಲ್ಲಿ. ಹಾಗಾಗಿ ಸಂವತ್ಸರದ ಹೆಸರು ಹಾಕಿದರೆ ಬ್ರಿಟಿಷರ ಕಡತ ಸಿಗುವುದಿಲ್ಲ. ಚಿತ್ರದುರ್ಗ ಅವರ ಬಾಯಲ್ಲಿ ‘ಚಿತಲ್‌ದ್ರುಗ್’. ಇಂಗ್ಲಿಷಿನಲ್ಲಿ ಅದರ ಕೊನೆಯ ಭಾಗಕ್ಕೆ ಒಮ್ಮೆ ‘ಯು’ ಹಾಕಿ ಹುಡುಕು, ಇನ್ನೊಮ್ಮೆ ಎರಡು ‘ಓ’ ಹಾಕು. ಬರಕ್ಕೆ ‘ಫ್ಯಾಮಿನ್’ ಒಂದೇ ಸಾಲದು. ‘ಸ್ಕೇರ್ಸಿಟಿ’, ‘ಡಿಸ್ಟ್ರೆಸ್’, ‘ರಿಲೀಫ್ ವರ್ಕ್ಸ್’ ಎಲ್ಲವನ್ನೂ ಹಾಕಿ ನೋಡು. ಜನ ಹಸಿದು ಸಾಯುತ್ತಿದ್ದಾಗ ಕಚೇರಿ ಆರಿಸಿಕೊಂಡ ಈ ತಣ್ಣನೆಯ ಪದಗಳು ನನಗೆ ಇಂದಿಗೂ ಸಂಕಟ ಕೊಡುತ್ತವೆ. ಆದರೂ ಆ ಕಾಲದ ಜನರ ಹತ್ತಿರಕ್ಕೆ ಒಯ್ಯುವುದು ಅವೇ.

ಅಂತರ್ಜಾಲದ ಯಾವುದೇ ಹೊಸ ಭಂಡಾರಕ್ಕೆ ಹೋದಾಗ ಮೊದಲು ನಿನಗೆ ಗೊತ್ತಿರುವ ಪುಸ್ತಕವನ್ನೇ ಕೇಳು. ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಈ ಬರದ ವೃತ್ತಾಂತ ಬರೆದರು. ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಲು ಸಿಗುವ ಇಂಟರ್‌ನೆಟ್ ಆರ್ಕೈವ್ ಜಾಲತಾಣದಲ್ಲಿ ಅದನ್ನು ತೆಗೆದು, ವಿಷಯ ಎಂಬಲ್ಲಿ ಯಾವ ಪದಗಳನ್ನು ನಮೂದಿಸಿದ್ದಾರೆ ನೋಡು. ಮುಂದಿನ ಹುಡುಕಾಟಕ್ಕೆ ಅವೇ ಪದಗಳು. ಇನ್ನೊಂದು ವಿಷಯ: ಅಲ್ಲಿ ಸುಮ್ಮನೆ ಹುಡುಕಿದರೆ ಶೀರ್ಷಿಕೆ, ಲೇಖಕರಂಥ ವಿವರಗಳಲ್ಲಿ ಮಾತ್ರ ನೋಡುತ್ತದೆ. ಪುಸ್ತಕದೊಳಗಿನ ಸಾಲು ಬೇಕೆಂದರೆ ಪಠ್ಯದಲ್ಲಿ ಹುಡುಕುವ ಆಯ್ಕೆಯನ್ನು ನೀನೇ ಒತ್ತಬೇಕು. ಇದನ್ನು ಗಮನಿಸದೆ ಎಷ್ಟು ಮಂದಿ ಬರಿಗೈಯಲ್ಲಿ ಮರಳುತ್ತಾರೋ!

ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನಿಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಕನ್ನಡ ಮಹಾಪ್ರಬಂಧಗಳ ಕಷ್ಟವೇ ಬೇರೆ. ಎಷ್ಟೋ ಪ್ರಬಂಧಗಳು ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು, ಇಲ್ಲವೇ ಸ್ಕ್ಯಾನ್ ಮಾಡಿದ ಪುಟಗಳು. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ನುಡಿಯ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನೀನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ‘ಬರ’ ಎಂದು ಕೇಳಿದರೆ ಅದು ಸಿಗುವುದಾದರೂ ಹೇಗೆ? ಅಲ್ಲಿ ವಿಶ್ವವಿದ್ಯಾಲಯ, ವಿಭಾಗ ಎಂದು ಒಂದೊಂದೇ ಹಂತ ಇಳಿದು ಶೀರ್ಷಿಕೆಗಳ ಪಟ್ಟಿಯ ಮೇಲೆ ಕಣ್ಣಾಡಿಸು. ಅಧ್ಯಾಯಗಳು ಬಿಡಿ ಕಡತಗಳಾಗಿರುತ್ತವೆ. ಗ್ರಂಥಋಣವನ್ನೇ ಮೊದಲು ತೆರೆ. ಒಬ್ಬ ಸಂಶೋಧಕ ವರ್ಷಗಟ್ಟಲೆ ಅಲೆದು ಕಂಡ ದಾಖಲೆಗಳ ಹೆಸರು ಅಲ್ಲಿರುತ್ತದೆ.

ಎಲ್ಲಿ, ಯಾವ ಪದ ಹಾಕಿದೆ ಎಂಬುದನ್ನೆಲ್ಲ ಬರೆದಿಡು. ಆ ಪಟ್ಟಿಯನ್ನು ನನಗೆ ಕಳುಹಿಸು. ಬಿಟ್ಟುಹೋದ ಕಾಗುಣಿತಗಳನ್ನು ಸೇರಿಸಿ ಕೊಡುತ್ತೇನೆ.

ನಿನ್ನ ಅಕ್ಕ